ದುಡ್ಡು ಮುಟ್ಟಿಲ್ಲ ಅಂದ್ರೂ ಕೇಸ್ ಆಗುತ್ತಾ?

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: ನಮ್ಮ ಓದುಗರ ವಾಟ್ಸಾಪ್ ಗ್ರೂಪಲ್ಲಿ ಹೊಸ ಕಾದಂಬರಿಗಳ ಪಿಡಿಎಫ್ ಬರ್ತಿರುತ್ತೆ, ನಾನೂ ಒಂದಷ್ಟು ಜನಕ್ಕೆ ಫಾರ್ವರ್ಡ್ ಮಾಡಿದ್ದೀನಿ, ಇದಕ್ಕೆ ಮೂರು ವರ್ಷ ಜೈಲು ಅಂತ ಗೆಳೆಯರು ಹೆದರಿಸ್ತಿದ್ದಾರೆ, ಒಂದ್ ಪೈಸೆನೂ ಮುಟ್ಟಿಲ್ಲ ನಾನು, ನಿಜಾನಾ?

ನಿಮ್ಮ ಗೆಳೆಯರು ಪೂರ್ತಿ ಸುಳ್ಳೇನೂ ಹೇಳಿಲ್ಲ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಉಲ್ಲಂಘನೆ ಮಾಡಿದ್ರೆ ಕಮ್ಮಿ ಅಂದ್ರೆ 6 ತಿಂಗಳು, ಹೆಚ್ಚು ಅಂದ್ರೆ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಒಂದ್ಸಲ ಶಿಕ್ಷೆ ಆದ್ಮೇಲೆ ಮತ್ತೆ ಅದನ್ನೇ ಮಾಡಿದ್ರೆ ಕನಿಷ್ಠ 1 ವರ್ಷ, ದಂಡ 1 ಲಕ್ಷದಿಂದ ಶುರು. ಇದು ಜಾಮೀನು ಸಿಗೋ ಅಪರಾಧವಾ ಅಲ್ವಾ ಅಂತ ಹೈಕೋರ್ಟುಗಳು ಒಂದೊಂದು ಥರ ಹೇಳ್ತಿದ್ವು, 2022ರಲ್ಲಿ ಸುಪ್ರೀಂ ಕೋರ್ಟು ಇದು ಸಂಜ್ಞೇಯನೂ ಹೌದು, ಜಾಮೀನುರಹಿತನೂ ಹೌದು ಅಂತ ಹೇಳಿಬಿಡ್ತು, ಅಂದ್ರೆ ಪೊಲೀಸ್ರು ವಾರಂಟ್ ಇಲ್ದೆನೂ ಹಿಡೀಬಹುದು, ಜಾಮೀನು ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು.

ಇನ್ನು ಪೈಸೆ ಮುಟ್ಟಿಲ್ಲ ಅನ್ನೋ ಮಾತು. ಅದರಿಂದ ಅಪರಾಧ ಇಲ್ಲ ಅಂತ ಆಗಲ್ಲ, ಶಿಕ್ಷೆ ಇಳೀಬಹುದು ಅಷ್ಟೇ: ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂತಾದ್ರೆ ಕೋರ್ಟು ಕಾರಣ ಬರೆದು 6 ತಿಂಗಳಿಗಿಂತ ಕಮ್ಮಿ ಶಿಕ್ಷೆನೂ ಕೊಡಬಹುದು. 52ನೇ ಸೆಕ್ಷನ್ನಲ್ಲಿ ಸ್ವಂತ ಓದಿಗೆ, ವಿಮರ್ಶೆಗೆ ನ್ಯಾಯವಾಗಿ ಬಳಸೋಕೆ ಜಾಗ ಇದೆ, ಆದ್ರೆ ಇಡೀ ಕಾದಂಬರಿನ ಗ್ರೂಪಿಗೆ ಹಂಚೋದು ಸ್ವಂತ ಓದು ಹೇಗಾಗುತ್ತೆ ಹೇಳಿ. "ಯಾರ ಹಕ್ಕನ್ನೂ ಉಲ್ಲಂಘಿಸೋ ಉದ್ದೇಶ ಇಲ್ಲ" ಅಂತ ಕೆಳಗೊಂದು ಸಾಲು ಹಾಕ್ತಾರಲ್ಲ, ಅದಂತೂ ಕಾಪಿರೈಟ್ ಇದೆ ಅಂತ ಗೊತ್ತಿತ್ತು ಅನ್ನೋದಕ್ಕೆ ನಿಮ್ಮ ಕೈಯಾರೆ ಬರ್ಕೊಟ್ಟ ಸಾಕ್ಷಿ.

ನನ್ನ ಅಭಿಪ್ರಾಯ ಕೇಳಿದ್ರೆ, ಪೈರಸಿ ದಂಧೆ ಮಾಡೋನಿಗೂ ಓದೋ ಹುಚ್ಚಿಗೆ ಫಾರ್ವರ್ಡ್ ಮಾಡೋನಿಗೂ ಒಂದೇ ಸೆಕ್ಷನ್ ಇರೋದು ಒರಟು ಕಾನೂನೇ. ಇನ್ನೊಂದು ವಿಚಿತ್ರ ಏನಂದ್ರೆ ಆ ದಂಡ ಸಾಮಾನ್ಯವಾಗಿ ಹೋಗೋದು ಸರ್ಕಾರದ ಖಜಾನೆಗೆ, ಲೇಖಕರಿಗಲ್ಲ. ಅವರಿಗೆ ನಷ್ಟ ತುಂಬಿಸ್ಕೋಬೇಕು ಅಂದ್ರೆ ಬೇರೆ ಸಿವಿಲ್ ದಾವೆ ಹಾಕ್ಬೇಕು, ಕನ್ನಡದಲ್ಲಿ ಸಾವಿರ ಪ್ರತಿ ಖರ್ಚಾಗೋಕೇ ವರ್ಷಗಟ್ಟಲೆ ಕಾಯೋರು ವಕೀಲರ ಫೀಸು ಎಲ್ಲಿಂದ ತರ್ತಾರೆ. ಹಾಗಂತ ಅವ್ರು ಸುಮ್ನಿದ್ದಾರೆ ಅಂತ ನಾವು ಹಂಚ್ತಾನೇ ಇರೋದಾ?

ಹಳೇ ಪುಸ್ತಕಗಳ ಮಾತು ಬೇರೆ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡ್ರು, ಹಾಗಾಗಿ ಅವರ ಜೀವಿತಕಾಲದಲ್ಲಿ ಬಂದ ಕಾದಂಬರಿಗಳು 2024ರಿಂದ ಮುಕ್ತ. ಕುವೆಂಪು ಅವರದು 2054ರ ಕೊನೇವರೆಗೂ ಇದೆ.

ಸದ್ಯಕ್ಕೆ ಮಾಡಬೇಕಾದ್ದು, ಹಾಕಿರೋ ಫೈಲ್‌ಗಳನ್ನ ಅಳಿಸಿ, ಅಡ್ಮಿನ್‌ಗೂ ಹೇಳಿ. ಅಳಿಸಿದ್ರೆ ಹಿಂದಿನದ್ದು ಮಾಫಿ ಆಗಲ್ಲ, ಆದ್ರೂ ಪ್ರಕಾಶಕರು ಸಾಮಾನ್ಯವಾಗಿ ಮೊದ್ಲು ನೋಟಿಸ್ ಕೊಡ್ತಾರೆ. ಅದು ಬಂದ್ಮೇಲೂ ಹಂಚ್ತಾ ಇದ್ರೆ ಗೊತ್ತಿರಲಿಲ್ಲ ಅನ್ನೋಕೆ ದಾರಿನೇ ಇರಲ್ಲ.