ಎರಡು ವಾರದ ಯುದ್ಧ, ಏಳು ಕಾಗದ

ನಮಸ್ಕಾರ.

ನಿಮ್ಮ ಚಿತ್ರಕತೆ ಓದಿದೆ. 1971ರ ಯುದ್ಧದ ಕಾಲ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಹುಡುಗಿ ಶಾರದೆ, ರಾಜಸ್ಥಾನದ ಗಡಿಯಲ್ಲಿರುವ ಹುಡುಗ. ಈಗಿರುವ ಹಾಗೆ ಇದನ್ನು ವಿಶೇಷಾಂಕಕ್ಕೆ ತಗೊಳ್ಳುವುದು ಕಷ್ಟ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಯಿತು. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಮಾರನೇ ದಿನ ಪಶ್ಚಿಮದ ಗಡಿಯಲ್ಲೂ ಕದನ ನಿಂತಿತು. ಇಷ್ಟರೊಳಗೆ ನಿಮ್ಮ ಜೋಡಿ ಏಳು ಕಾಗದ ಬರೆದು, ಏಳಕ್ಕೂ ಉತ್ತರ ಪಡೆದಿದೆ! ಅದೂ ಹುಡುಗ ತಾನಿರುವ ಜಾಗದ ಹೆಸರು ಸಮೇತ ಬರೆಯುತ್ತಾನೆ. ಗಡಿಯಲ್ಲಿರುವ ಸೈನಿಕನ ವಿಳಾಸದಲ್ಲಿ ಊರೇ ಇರುವುದಿಲ್ಲ. ನಂಬರು, ಹೆಸರು, ತುಕಡಿ, ಕೊನೆಗೆ 56 ಎ.ಪಿ.ಓ. (ಸೈನ್ಯದ ಅಂಚೆ ಕಚೇರಿ) ಅಷ್ಟೇ. ಅವನು ಎಲ್ಲಿದ್ದಾನೆ ಅನ್ನುವುದೇ ಶಾರದೆಗೆ ಗೊತ್ತಿರಬಾರದು. ಅವಳ ಸಂಕಟ ಇರುವುದೇ ಅಲ್ಲಿ ಅಲ್ವಾ? ಸಾಲದ್ದಕ್ಕೆ ಗುಟ್ಟಿನ ಪ್ರೇಮ ಅಂತೀರಿ, ಕಾಗದ ಮನೆ ಬಾಗಿಲಿಗೇ ಬರುತ್ತದೆ.

ಟ್ಯಾಂಕು, ಬಾಂಬು, ಸಾಯುವಾಗಿನ ಭಾಷಣ ಎಲ್ಲ ತೆಗೆಯಿರಿ. ಎಲ್ಲೋ ನೋಡಿದ ಸಿನಿಮಾದ ವಾಸನೆ ಬರುತ್ತದೆ.

ಆದರೆ ಆ ಸುಲಿತದ ರಾತ್ರಿ! ಹೆಂಗಸರೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದಾರೆ. ಒಳಗೆ ರೇಡಿಯೋದಲ್ಲಿ ಗಡಿಯ ಸುದ್ದಿ ಶುರುವಾಗುತ್ತದೆ. ಎಲ್ಲರ ಕೈ ನಿಲ್ಲುತ್ತದೆ. ಶಾರದೆ ಮಾತ್ರ ತಲೆ ಎತ್ತದೆ ಇನ್ನೂ ಜೋರಾಗಿ ಸುಲಿಯುತ್ತಾಳೆ, ಬೆರಳು ಕೊಯ್ದುಕೊಂಡರೂ ನಿಲ್ಲಿಸುವುದಿಲ್ಲ. ಇಷ್ಟು ಬರೆಯಬಲ್ಲವರಿಗೆ ಟ್ಯಾಂಕು ಯಾಕೆ ಬೇಕು? (ಮಾರನೇ ದಿನವೇ ಜಡಿಮಳೆ ಸುರಿಸಿದ್ದೀರಿ. ಡಿಸೆಂಬರಿನಲ್ಲಿ! ಅಂಗಳದ ಅಟ್ಟದ ಮೇಲೆ ಬಿಸಿಲಿಗೆ ಒಣಗಲು ಹಾಕಿದ ಅಡಿಕೆಯ ಗತಿ ಏನು? ಮಲೆನಾಡು ಅಂದ ಕೂಡಲೇ ಸುಮ್ನೆ ಮಳೆ ತರಬೇಡಿ.)

ನನ್ನ ಮಾತು ಕೇಳುವುದಾದರೆ ಒಂದೇ ಕಾಗದ ಇಟ್ಟುಕೊಳ್ಳಿ. ನವೆಂಬರ್ ಕೊನೆಯಲ್ಲಿ ಬರೆದದ್ದು. ಅದು ಗೆಳತಿಯ ಮನೆ ವಿಳಾಸಕ್ಕೆ ಬರಲಿ, ಯುದ್ಧ ಮುಗಿದ ಮೇಲೆ ಬರಲಿ. ಪೇಟೆಯಲ್ಲಿ ಗೆದ್ದೆವು ಅಂತ ಸಿಹಿ ಹಂಚುತ್ತಿದ್ದಾರೆ, ಇವಳು ತಾರೀಕು ನೋಡುತ್ತಾಳೆ. ಅವನು ನವೆಂಬರಿನಲ್ಲಿ ಬದುಕಿದ್ದ ಅಂತ ಮಾತ್ರ ಆ ಕಾಗದ ಹೇಳುತ್ತದೆ. ಮುಂದಿನದು ಯಾರನ್ನು ಕೇಳುವುದು? ಅಪ್ಪನನ್ನು ಕೇಳುವ ಹಾಗಿಲ್ಲ. ಅವನ ಮನೆಗೆ ಹೋಗಲು ಒಂದು ನೆಪ ಬೇಕು. ಆ ನೆಪ ಹುಡುಕುವುದನ್ನೇ ಹತ್ತು ಪುಟ ಬರೆಯಿರಿ, ಜಾಸ್ತಿಯಾದರೂ ಪರವಾಗಿಲ್ಲ.

ಸುಲಿತದ ರಾತ್ರಿಯಿಂದ ಅಲ್ಲಿವರೆಗಿನದನ್ನು ಮಾತ್ರ ತಿದ್ದಿ ಕಳಿಸಿ. ಕೊನೆಯಲ್ಲಿ ಶಿವಮೊಗ್ಗ ಸ್ಟೇಷನ್ನಿನಲ್ಲಿ ಓಡಿ ಬಂದು ಅಪ್ಪಿಕೊಳ್ಳುವುದು ಬೇಡ. 1971ರಲ್ಲಿ ಹಾಗೆ ಮಾಡಿದ್ದರೆ ಅವರಿಗಿಂತ ಮೊದಲು ಸುದ್ದಿ ತೀರ್ಥಹಳ್ಳಿ ಮುಟ್ಟುತ್ತಿತ್ತು.