ಡೋಸ್ ಅದೇ ಇದ್ದರೂ ಲಿಥಿಯಂ ಮಟ್ಟ 0.7ರಿಂದ 1.1ಕ್ಕೆ ಏರಿದ್ದೇಕೆ?

ಉನ್ಮಾದ, ಖಿನ್ನತೆ ಸರದಿಯಲ್ಲಿ ಕಾಡುವ ಬೈಪೋಲಾರ್ ಕಾಯಿಲೆಗೆ ನಿಮ್ಮ ತಂಗಿ ಒಂದು ವರ್ಷದಿಂದ ಲಿಥಿಯಂ ತೆಗೆದುಕೊಳ್ಳುತ್ತಿದ್ದಾರೆ, ಡೋಸ್ ಬದಲಾಗಿಲ್ಲ, ಆದರೂ ರಕ್ತದಲ್ಲಿನ ಮಟ್ಟ ಏರಿದೆ, ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ.

ಅವರು ಆರಾಮಾಗಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಲಿಥಿಯಂ ಥಟ್ಟನೆ ನಿಂತರೆ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಾದರೂ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು ಇಳಿಸುತ್ತಾರೆ. ವರದಿಯನ್ನು ಇವತ್ತೇ ಡಾಕ್ಟರಿಗೆ ತಿಳಿಸಿ.

ಇಂಥ ವರದಿ ಕಂಡಾಗ ನಾನು ಮೊದಲು ಕೇಳುವುದು: ಹಿಂದಿನ ರಾತ್ರಿ ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ, ರಕ್ತ ಕೊಟ್ಟಿದ್ದು ಎಷ್ಟು ಹೊತ್ತಿಗೆ? 0.6ರಿಂದ 0.8 (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) ಎಂಬ ಸಾಮಾನ್ಯ ಗುರಿ ಕೊನೆಯ ಡೋಸ್ ಆದ 12 ಗಂಟೆಗೆ ತೆಗೆದ ರಕ್ತಕ್ಕೆ ಮಾತ್ರ ಹೊಂದುತ್ತದೆ. ರಾತ್ರಿ ಒಂಬತ್ತಕ್ಕೆ ಮಾತ್ರೆ, ಬೆಳಗ್ಗೆ ಒಂಬತ್ತಕ್ಕೆ ರಕ್ತ. ರಾತ್ರಿ ಹನ್ನೊಂದೂವರೆಗೆ ನುಂಗಿ ಬೆಳಗ್ಗೆ ಏಳಕ್ಕೇ ಲ್ಯಾಬಿಗೆ ಹೋದರೆ ಅಂಕಿ ಏರಿಯೇ ಇರುತ್ತದೆ. ಬೆಳಗಿನ ಡೋಸ್ ಕೂಡ ಇರುವವರು ಅದನ್ನು ರಕ್ತ ಕೊಟ್ಟ ಮೇಲೆಯೇ ತೆಗೆದುಕೊಳ್ಳಬೇಕು. ಡೋಸ್ ಬದಲಾಯಿಸಿದ್ದರೆ ಐದರಿಂದ ಏಳು ದಿನ ಕಾಯದೆ ಪರೀಕ್ಷಿಸಿದ ಅಂಕಿಗೆ ಅರ್ಥವಿಲ್ಲ.

ಟ್ಯೂಬಿನಲ್ಲೂ ಒಂದು ಎಡವಟ್ಟಾಗುತ್ತದೆ. ಹಸಿರು ಮುಚ್ಚಳದ ಕೆಲವು ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಹಾಕುವುದು ಲಿಥಿಯಂ ಹೆಪಾರಿನ್. ಅದರಲ್ಲಿ ರಕ್ತ ತೆಗೆದರೆ ಟ್ಯೂಬಿನ ಲಿಥಿಯಂ ಕೂಡ ಲೆಕ್ಕಕ್ಕೆ ಸೇರುತ್ತದೆ. ಆದರೆ ಆಗ ಏರಿಕೆ ಸಾಮಾನ್ಯವಾಗಿ ಇನ್ನೂ ದೊಡ್ಡದು. ವ್ಯಕ್ತಿ ಚೆನ್ನಾಗಿದ್ದು ವರದಿ 2, 3 ಎಂದರೆ ಮೊದಲು ಟ್ಯೂಬನ್ನೇ ಅನುಮಾನಿಸಬೇಕು.

ಹೊತ್ತು, ಟ್ಯೂಬು ಎರಡೂ ಸರಿಯಿದ್ದರೆ ಕಾರಣ ಸಾಮಾನ್ಯವಾಗಿ ಮೂತ್ರಪಿಂಡದ ಕಡೆಗಿರುತ್ತದೆ. ಲಿಥಿಯಂ ಯಕೃತ್ತಿನಲ್ಲಿ ಕರಗಿಹೋಗುವ ಔಷಧವಲ್ಲ, ಬಹುತೇಕ ಪೂರ್ತಿಯಾಗಿ ಮೂತ್ರದಲ್ಲೇ ಹೊರಹೋಗಬೇಕು. ಮೂತ್ರಪಿಂಡ ಅದನ್ನು ಸೋಡಿಯಂನಂತೆಯೇ ಕಾಣುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದಾಗ ಸೋಡಿಯಂ ಹಿಡಿದಿಟ್ಟುಕೊಳ್ಳುವ ಭರದಲ್ಲಿ ಲಿಥಿಯಂ ಅನ್ನೂ ವಾಪಸ್ ಎಳೆದುಕೊಳ್ಳುತ್ತದೆ. ಹಾಗಾಗಿ ವಾಂತಿ ಭೇದಿ, ಜ್ವರ, ವಿಪರೀತ ಬೆವರು, ಉಪವಾಸ, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು, ಎಲ್ಲವೂ ಮಟ್ಟವನ್ನು ಏರಿಸುತ್ತವೆ. ವಾಂತಿ ಭೇದಿ ಶುರುವಾದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಆ ದಿನಗಳ ಮಟ್ಟಿಗೆ ಮಾತ್ರೆ ತಡೆಯಲು ಅವರೇ ಹೇಳಬಹುದು.

ಇನ್ನು ಬೇರೆ ಔಷಧಗಳು. ಮಂಡಿನೋವಿಗೋ ಮುಟ್ಟಿನ ನೋವಿಗೋ ಐಬುಪ್ರೊಫೆನ್, ಡೈಕ್ಲೊಫಿನಾಕ್ ತೆಗೆದುಕೊಂಡರೇ ಎಂದು ತಂಗಿಯನ್ನು ಕೇಳಿ. ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆಯನ್ನು ಯಾರೂ ‘ಔಷಧ’ ಎಂದು ಎಣಿಸುವುದಿಲ್ಲ, ಅದಕ್ಕೇ ಹೆಸರು ಹಿಡಿದು ಕೇಳಬೇಕು. ನೋವಿಗೆ ಪ್ಯಾರಾಸಿಟಮಾಲ್ ವಾಸಿ. ರಕ್ತದೊತ್ತಡಕ್ಕೆ ಕೊಡುವ ಥಯಜೈಡ್, ಎನಲಾಪ್ರಿಲ್, ಲೋಸಾರ್ಟನ್ ಕೂಡ ಮಟ್ಟ ಏರಿಸುತ್ತವೆ. ಯಾವುದೂ ಇಲ್ಲದಿದ್ದರೆ ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಲೇಬೇಕು. ಅದರ ಜೊತೆ ಥೈರಾಯಿಡ್, ಕ್ಯಾಲ್ಸಿಯಂ ಪರೀಕ್ಷೆಯನ್ನೂ ಆರು ತಿಂಗಳಿಗೊಮ್ಮೆ ಮಾಡಿಸಬೇಕು.

ಇಷ್ಟೆಲ್ಲ ಅಳತೆ ಯಾಕೆ ಎಂಬುದಕ್ಕೆ ಚರಿತ್ರೆಯಲ್ಲೇ ಉತ್ತರವಿದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಕೊಟ್ಟು ಗುಣ ಕಂಡರು. ಅದೇ ವರ್ಷ ಅಮೆರಿಕದಲ್ಲಿ ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡ್ ಬಳಸಿದವರಲ್ಲಿ ಸಾವುಗಳಾದವು. ಔಷಧವಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಅಷ್ಟು ಕಿರಿದು. ರಕ್ತದಲ್ಲಿನ ಮಟ್ಟ ಅಳೆಯಲು ಬಂದ ಮೇಲೆಯೇ ಇದು ಧೈರ್ಯವಾಗಿ ಕೊಡಬಹುದಾದ ಔಷಧವಾಯಿತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ.

ಈಗ ತಂಗಿಯ ಕೈ ನೋಡಿ. ಬೆರಳ ತುದಿಯಲ್ಲಿ ಸಣ್ಣ ನಡುಕ ಮೊದಲಿನಿಂದಲೂ ಇದ್ದರೆ ಅದು ಸಾಮಾನ್ಯ ಅಡ್ಡಪರಿಣಾಮ. ಲೋಟದ ನೀರು ತುಳುಕುವಷ್ಟು ದಪ್ಪ ನಡುಕ, ತೊದಲು ಮಾತು, ತೂರಾಡುವ ನಡಿಗೆ, ಮಂಪರು ಕಂಡರೆ ಮುಂದಿನ ಮಾತ್ರೆ ಕೊಡದೆ ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅಂಕಿ 1.5 ದಾಟದೆಯೂ ವಿಷಲಕ್ಷಣ ಬರಬಹುದು, ಹಾಗಾಗಿ ವರದಿಗಿಂತ ಲಕ್ಷಣಕ್ಕೆ ಹೆಚ್ಚು ಬೆಲೆ ಕೊಡಿ.

ಅಂಥದ್ದೇನೂ ಇಲ್ಲದಿದ್ದರೆ ಡಾಕ್ಟರು ಬಹುಶಃ ಪರೀಕ್ಷೆಯನ್ನು ಬೇಗನೆ ಇನ್ನೊಮ್ಮೆ ಮಾಡಿಸುತ್ತಾರೆ. ಆಗ ಲ್ಯಾಬಿನ ಚೀಟಿಯ ಮೇಲೆ ಕೊನೆಯ ಮಾತ್ರೆಯ ಹೊತ್ತು, ರಕ್ತ ತೆಗೆದ ಹೊತ್ತು ಎರಡನ್ನೂ ಬರೆಸಿ.