ಆ ಬಿಳಿ ಗೋಳ ಇದ್ದದ್ದು ಎಲ್ಲಿ?

ಓದುಗರ ಪತ್ರ:

ಮಾನ್ಯ ಸಂಪಾದಕರೇ, ನಮ್ಮ ತಂದೆಯವರು ತೀರಿಕೊಂಡು ಒಂದು ವರ್ಷವಾಯಿತು. ಕಳೆದ ತಿಂಗಳು ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯಲ್ಲಿ ವರ್ಷಾಬ್ದಿಕ ಮಾಡಿದೆವು. ಸಂಜೆ ಜಗಲಿಯಲ್ಲಿ ಭಜನೆ ಇತ್ತು. ಅಪ್ಪನದೇ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ ನಾನು ಫೋಟೊ ತೆಗೆದೆ. ಅವುಗಳಲ್ಲಿ ಎರಡು ಫೋಟೊಗಳಲ್ಲಿ ಅಪ್ಪನ ಪಟದ ಪಕ್ಕ ಬಿಳಿ ಬೆಳಕಿನ ಗೋಳಗಳು ಬಂದಿವೆ. ಒಂದಂತೂ ಪಟಕ್ಕೆ ಹಾಕಿದ ಮಲ್ಲಿಗೆ ಹಾರದ ಹಿಂದೆ ಅರ್ಧ ಮರೆಯಾಗಿದೆ. ಆಗ ಯಾರ ಕಣ್ಣಿಗೂ ಏನೂ ಕಂಡಿರಲಿಲ್ಲ. ಅಣ್ಣನ ಮಗಳು ನನ್ನ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ಗೋಳ ಇಲ್ಲ. ಅಪ್ಪನ ರೀಲ್ ಕ್ಯಾಮೆರಾದ ಕಾಲದಲ್ಲೂ ಇಂಥದ್ದು ನೋಡಿದ ನೆನಪಿಲ್ಲ. ಅತ್ತಿಗೆಗೆ ಗೋಳದೊಳಗೆ ಮುಖ ಕಾಣುತ್ತದಂತೆ. ಪರಿಚಯದವರೊಬ್ಬರು ನೋಡಿ, ‘ಆತ್ಮಕ್ಕೆ ಗತಿ ಸಿಕ್ಕಿಲ್ಲ, ನಾರಾಯಣ ಬಲಿ ಮಾಡಿಸಬೇಕು, ಎಲ್ಲ ನಾನೇ ಏರ್ಪಾಡು ಮಾಡುತ್ತೇನೆ’ ಎಂದು ದೊಡ್ಡ ಮೊತ್ತ ಹೇಳಿದ್ದಾರೆ. ಅಮ್ಮನಿಗೆ ಅಂದಿನಿಂದ ನಿದ್ದೆಯಿಲ್ಲ. ಫೋಟೊಗಳನ್ನು ಕಳಿಸಿದ್ದೇನೆ. ಇದು ಏನು ಹೇಳಿ. ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ಪ್ರೀತಿಯ ಸೋದರಿ, ಮೊದಲು ನಿಮ್ಮ ತಾಯಿಯವರಿಗೆ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಆ ಗೋಳಗಳು ನಿಮ್ಮ ತಂದೆಯವರ ಪಟದ ಹತ್ತಿರ ಇರಲೇ ಇಲ್ಲ. ಅವು ಇದ್ದದ್ದು ನಿಮ್ಮ ಕೈಯಲ್ಲಿದ್ದ ಕ್ಯಾಮೆರಾದ ಮುಂದೆ, ಲೆನ್ಸಿನಿಂದ ಒಂದು ಗೇಣೂ ಇಲ್ಲದಷ್ಟು ಹತ್ತಿರದಲ್ಲಿ. ಗಾಳಿಯಲ್ಲಿ ತೇಲುತ್ತಿದ್ದ ಧೂಳಿನ ಕಣಗಳ ಮೇಲೆ ಫ್ಲ್ಯಾಶ್ ಬೆಳಕು ಬಿದ್ದು ಹೀಗಾಗಿದೆ.

‘ಧೂಳು’ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ನಿಮಗೆ ಸಮಾಧಾನ ಆಗುವುದಿಲ್ಲ, ಆಗಲೂಬಾರದು. ಕಣ್ಣಿಗೇ ಕಾಣದ ಧೂಳಿನ ಕಣ ಬಟಾಣಿ ಗಾತ್ರದ ಗೋಳ ಆಗುವುದು ಹೇಗೆ? ಅದನ್ನು ನಿಧಾನವಾಗಿ ನೋಡೋಣ.

ಪುಟ್ಟ ಡಿಜಿಟಲ್ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಮತ್ತು ಲೆನ್ಸ್ ನಡುವೆ ಕೆಲವೇ ಸೆಂಟಿಮೀಟರ್ ಅಂತರ. ನಿಮ್ಮ ತಂದೆಯವರ ಪಟ ನಿಮ್ಮಿಂದ 3 ಮೀಟರ್ ದೂರ ಇತ್ತು ಎಂದಿಟ್ಟುಕೊಳ್ಳಿ. ಕ್ಯಾಮೆರಾದ ಮುಂದೆ 6 ಸೆಂಟಿಮೀಟರ್ ದೂರದಲ್ಲಿ ಒಂದು ಕಣ ತೇಲುತ್ತಿತ್ತು ಎನ್ನಿ. ಪಟಕ್ಕಿಂತ ಕಣ 50 ಪಟ್ಟು ಹತ್ತಿರ. ಬೆಳಕು ದೂರ ಹೋದಂತೆ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆ ಆಗುತ್ತದೆ. ಅಂದರೆ ಪಟದ ಮೇಲೆ ಬೀಳುವುದಕ್ಕಿಂತ 50 ಗುಣಿಸು 50, ಸುಮಾರು 2,500 ಪಟ್ಟು ಪ್ರಖರವಾದ ಬೆಳಕು ಆ ಕಣಕ್ಕೆ ಸಿಗುತ್ತದೆ. ಫ್ಲ್ಯಾಶಿನ ಅಂಚಿನ ಬೆಳಕಷ್ಟೇ ತಾಗಿದರೂ ಅದು ಜಾಸ್ತಿಯೇ. ಆ ಬೆಳಕಿನಲ್ಲಿ ಒಂದಷ್ಟು ಪಾಲು ನೇರ ಲೆನ್ಸಿಗೇ ವಾಪಸ್ ಬರುತ್ತದೆ. ರಾತ್ರಿ ಆಗುಂಬೆ ಘಾಟಿಯ ಮಂಜಿನಲ್ಲಿ ಕಾರಿನ ಹೈಬೀಮ್ ಹಾಕಿದರೆ ರಸ್ತೆ ಕಾಣದೆ ಎದುರಿಗೆ ಬಿಳಿ ಗೋಡೆ ನಿಲ್ಲುತ್ತದಲ್ಲ, ಇಲ್ಲಿ ಆಗಿರುವುದೂ ಅದೇ.

ಇನ್ನು ಗಾತ್ರ. ಕ್ಯಾಮೆರಾ ಫೋಕಸ್ ಆಗಿದ್ದದ್ದು ಪಟದ ಮೇಲೆ. 6 ಸೆಂಟಿಮೀಟರ್ ದೂರದ ವಸ್ತು ಪೂರ್ತಿ ಫೋಕಸ್ ತಪ್ಪುತ್ತದೆ. ಫೋಕಸ್ ತಪ್ಪಿದ ಬೆಳಕಿನ ಚುಕ್ಕಿ ಚುಕ್ಕಿಯಾಗಿ ಉಳಿಯುವುದಿಲ್ಲ, ಲೆನ್ಸಿನ ರಂಧ್ರದ ಆಕಾರದಲ್ಲಿ ಹರಡಿಕೊಳ್ಳುತ್ತದೆ. ಗೋಳ ಅಂತ ನಾವು ನೋಡುತ್ತಿರುವುದು ಧೂಳಿನ ರೂಪವೇ ಅಲ್ಲ, ಲೆನ್ಸಿನ ರಂಧ್ರದ ರೂಪ. ಇಂಥ ಕ್ಯಾಮೆರಾದಲ್ಲಿ ಆ ರಂಧ್ರದ ಅಗಲ ಸುಮಾರು 2 ಮಿಲಿಮೀಟರ್. 6 ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ನೋಡುವ ಅಗಲ ಸುಮಾರು 7 ಸೆಂಟಿಮೀಟರ್. ಹಾಗಾಗಿ 15 ಸೆಂಟಿಮೀಟರ್ ಅಗಲದ ಪ್ರಿಂಟಿನಲ್ಲಿ ಆ ಬಿಲ್ಲೆ ಹತ್ತಿರ ಹತ್ತಿರ ಅರ್ಧ ಸೆಂಟಿಮೀಟರ್ ಆಗುತ್ತದೆ. ಕಣ ಇನ್ನೂ ಹತ್ತಿರ ಇದ್ದರೆ ಬಿಲ್ಲೆ ಇನ್ನೂ ದೊಡ್ಡದು. ಕಣ ಎಷ್ಟು ಸಣ್ಣದು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ನೀವು ಕಳಿಸಿದ ಎರಡನೇ ಫೋಟೊವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ. ನೀವೂ ನೋಡಿ. ಪಟದ ಪಕ್ಕದ ಗೋಳದ ಎಡಬದಿ ಪೂರ್ತಿ ದುಂಡಗಿಲ್ಲ, ಸ್ವಲ್ಪ ಚಪ್ಪಟೆ. ಮೇಲೆ ತೊಲೆಯ ಹತ್ತಿರ ಇನ್ನೂ ಎರಡು ಮಸುಕು ಗೋಳಗಳಿವೆ, ಅವನ್ನು ನೀವು ಗಮನಿಸಿರಲಿಕ್ಕಿಲ್ಲ. ಅವುಗಳ ಎಡಬದಿಯೂ ಅದೇ ಜಾಗದಲ್ಲಿ, ಅದೇ ರೀತಿ ಚಪ್ಪಟೆ. ಗೋಳಗಳು ಬೇರೆ ಬೇರೆ ವಸ್ತುಗಳಾಗಿದ್ದರೆ ಎಲ್ಲಕ್ಕೂ ಒಂದೇ ಕಡೆ ಒಂದೇ ಚಪ್ಪಟೆ ಏಕೆ ಬರಬೇಕು? ಎಲ್ಲವೂ ಒಂದೇ ರಂಧ್ರದ ಅಚ್ಚುಗಳು, ಅದಕ್ಕೆ.

ಮಲ್ಲಿಗೆ ಹಾರದ ಹಿಂದೆ ಗೋಳ ಮರೆಯಾಗಿದೆ ಎಂದಿರಿ. ಇದು ತುಂಬಾ ಒಳ್ಳೆಯ ಪ್ರಶ್ನೆ. ಹಾರದ ಹಿಂದೆ ಹೋಗಿದೆ ಎಂದರೆ ಅದು ದೂರದಲ್ಲೇ ಇತ್ತು ಎಂದಾಯಿತು, ಆಗ ನಾನು ಹೇಳಿದ್ದೆಲ್ಲ ಬಿದ್ದುಹೋಗಬೇಕು. ಆದರೆ ಗೋಳ ಎನ್ನುವುದು ಚಿತ್ರದ ಮೇಲೆ ಸೇರಿಕೊಂಡ ತೆಳುವಾದ ಬೆಳಕು. ಕಪ್ಪು ಗೋಡೆಯ ಮೇಲೆ ಅದು ಚೆನ್ನಾಗಿ ಕಾಣುತ್ತದೆ. ಫ್ಲ್ಯಾಶ್ ಬಿದ್ದು ಮೊದಲೇ ಬೆಳ್ಳಗೆ ಹೊಳೆಯುತ್ತಿರುವ ಮಲ್ಲಿಗೆಯ ಮೇಲೆ ಇನ್ನಷ್ಟು ಬಿಳಿ ಸೇರಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಹಾರ ಬಂದ ಕಡೆ ಗೋಳ ಮಾಯ, ಗೋಡೆ ಬಂದ ಕಡೆ ಪ್ರತ್ಯಕ್ಷ. ನಮಗೆ ಹಾರದ ಹಿಂದೆ ಹೋದ ಹಾಗೆ ಕಾಣುತ್ತದೆ. ಹಾರದ ನಡುವೆ ಹಸಿರು ಕಟ್ಟು ಇರುವ ಜಾಗವನ್ನು ಹಿಗ್ಗಿಸಿ ನೋಡಿ. ಅಲ್ಲಿ ಗೋಳದ ಅಂಚು ಹಸಿರಿನ ಮೇಲೇ ಹಾದುಹೋಗಿದೆ. ಹಿಂದೆ ಇದ್ದದ್ದು ಮುಂದೆ ಬರಲು ಸಾಧ್ಯವಿಲ್ಲ, ಅಲ್ವಾ?

ನಿಮ್ಮ ಅಣ್ಣನ ಮಗಳ ಮೊಬೈಲ್ ಫೋಟೊ ನನಗೆ ಬಹಳ ಮುಖ್ಯ ಅನ್ನಿಸಿತು. ಅದರಲ್ಲಿ ಫ್ಲ್ಯಾಶ್ ಬಿದ್ದಿಲ್ಲ, ಜಗಲಿಯ ಬಲ್ಬಿನ ಬೆಳಕಷ್ಟೇ ಇದೆ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ಉತ್ತರಕ್ಕೆ ಬ್ರಿಟನ್ನಿನ ಒಂದು ಪ್ರಯೋಗ ಹೇಳಬೇಕು. ಅದನ್ನು ಮಾಡಿದ ಸ್ಟೀವ್ ಪಾರ್ಸನ್ಸ್ ದೆವ್ವ ಭೂತಗಳನ್ನು ನಂಬದೆ ತಳ್ಳಿಹಾಕುವ ಜನ ಅಲ್ಲ, ಅವುಗಳ ಹುಡುಕಾಟದಲ್ಲೇ ವರ್ಷಗಟ್ಟಲೆ ಕಳೆದವರು. 2010ರಲ್ಲಿ ಫ್ಯೂಜಿಫಿಲ್ಮ್ ಕಂಪನಿ ಫೈನ್‌ಪಿಕ್ಸ್ ರಿಯಲ್ 3ಡಿ ಡಬ್ಲ್ಯೂ3 ಎಂಬ ಕ್ಯಾಮೆರಾ ತಂದಿತು. ಅದಕ್ಕೆ 7.5 ಸೆಂಟಿಮೀಟರ್ ಅಂತರದಲ್ಲಿ ಎರಡು ಲೆನ್ಸ್. ಒಮ್ಮೆ ಒತ್ತಿದರೆ ಒಂದೇ ಕ್ಷಣದಲ್ಲಿ ಎರಡು ಫೋಟೊ. ಗೋಳ ನಿಜಕ್ಕೂ ಕೋಣೆಯ ಆಚೆ ತುದಿಯಲ್ಲಿದ್ದರೆ ಎರಡರಲ್ಲೂ ಅದೇ ಗೋಳ ಬರಲೇಬೇಕು. ಲೆನ್ಸಿಗೆ ಅಂಟಿದಷ್ಟು ಹತ್ತಿರ ಇದ್ದರೆ ಒಂದು ಲೆನ್ಸಿಗೆ ಕಂಡದ್ದು ಇನ್ನೊಂದಕ್ಕೆ ಕಾಣಬಾರದು. ಪಾರ್ಸನ್ಸ್ ಸಾವಿರಕ್ಕೂ ಹೆಚ್ಚು ಜೋಡಿ ಫೋಟೊ ತೆಗೆದರು. ನೂರಾರು ಜೋಡಿಗಳಲ್ಲಿ ಗೋಳ ಬಂತು. ಆದರೆ ಎಡದಲ್ಲಿ ಬಂದ ಗೋಳ ಬಲದಲ್ಲೂ ಬಂದ ಜೋಡಿ ಒಂದೂ ಸಿಗಲಿಲ್ಲ. ನೀವು ಮತ್ತು ಆ ಹುಡುಗಿ ಪಕ್ಕಪಕ್ಕ ನಿಂತು ತೆಗೆದದ್ದು ಗೊತ್ತಿಲ್ಲದೆಯೇ ಮಾಡಿದ ಇದೇ ಪ್ರಯೋಗ.

ಹಾಗಾದರೆ ಆ ಎರಡೇ ಫೋಟೊಗಳಲ್ಲಿ ಏಕೆ? ಫೈಲುಗಳ ಸಮಯ ನೋಡಿದೆ. ಎರಡನ್ನೂ ಒಂದೇ ನಿಮಿಷದೊಳಗೆ ತೆಗೆದಿದ್ದೀರಿ. ಮೊದಲನೆಯದರ ಎಡ ಅಂಚಿನಲ್ಲಿ ಒಬ್ಬ ಹುಡುಗ ಜಮಖಾನ ಕೊಡವಿ ಹಾಸುತ್ತಿದ್ದಾನೆ. ಅಟ್ಟದಿಂದ ಇಳಿಸಿದ ಜಮಖಾನ ಇರಬೇಕು. ಹೆಚ್ಚು ಹೇಳಬೇಕಾಗಿಲ್ಲ.

ಕಣ್ಣಿಗೆ ಏಕೆ ಕಾಣಲಿಲ್ಲ ಎಂದರೆ, ಫ್ಲ್ಯಾಶ್ ಹೊಳೆಯುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು, ಅಥವಾ ಅದಕ್ಕಿಂತಲೂ ಕಡಿಮೆ ಹೊತ್ತು. ಅಲ್ಲದೆ ನಮ್ಮ ಕಣ್ಣು ಫ್ಲ್ಯಾಶಿನ ಪಕ್ಕದಲ್ಲಿ, ಆ ಕಣದ ಎದುರಿನಲ್ಲಿ ಇರುವುದಿಲ್ಲ.

ರೀಲ್ ಕ್ಯಾಮೆರಾ ಬಗ್ಗೆಯೂ ಕೇಳಿದ್ದೀರಿ. ಅವುಗಳ ಫಿಲ್ಮ್ ದೊಡ್ಡದು, ಲೆನ್ಸಿನ ರಂಧ್ರವೂ ದೊಡ್ಡದು, 8-9 ಮಿಲಿಮೀಟರ್ ಇರಬಹುದು. ಅದೇ ಧೂಳಿನ ಕಣ ಅಲ್ಲಿ ಚಿತ್ರದ ಎಂಟನೇ ಒಂದು ಭಾಗದಷ್ಟು ಅಗಲಕ್ಕೆ ಹರಡಿಬಿಡುತ್ತದೆ. ಅಷ್ಟು ಹರಡಿದ ತೆಳು ಬೆಳಕು ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಕೂಡ ಲೆನ್ಸಿನಿಂದ ದೂರ. ಪುಟ್ಟ ಡಿಜಿಟಲ್ ಕ್ಯಾಮೆರಾಗಳು ಮನೆಮನೆಗೆ ಬಂದ ಮೇಲೆಯೇ ಜಗತ್ತಿನ ಎಲ್ಲ ಕಡೆ ಈ ಗೋಳಗಳ ಮಾತು ಜೋರಾಯಿತು. ಕಣ್ಣು ಕೆಂಪಾಗಿ ಬರುವ ತೊಂದರೆ ಕೂಡ ಅವುಗಳಲ್ಲೇ ಜಾಸ್ತಿ. ಅದಕ್ಕೂ ಕಾರಣ ಲೆನ್ಸಿನ ಪಕ್ಕದಲ್ಲೇ ಇರುವ ಫ್ಲ್ಯಾಶ್. ಸಮುದ್ರದೊಳಗೆ ಫೋಟೊ ತೆಗೆಯುವವರಿಗೆ ಇದು ದಿನನಿತ್ಯದ ತಲೆನೋವು. ನಮ್ಮ ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವವರನ್ನು ಕೇಳಿ ನೋಡಿ. ನೀರಿನಲ್ಲಿ ತೇಲುವ ಕಣಗಳು ಚಿತ್ರದ ತುಂಬಾ ಬಿಳಿ ಚುಕ್ಕಿಗಳಾಗಿ ಬರದಿರಲಿ ಎಂದೇ ಉದ್ದನೆಯ ಕೈಗಳಿಗೆ ಫ್ಲ್ಯಾಶ್ ಕಟ್ಟಿ ಲೆನ್ಸಿನಿಂದ ದೂರ ಚಾಚಿರುತ್ತಾರೆ. ಸಿಸಿಟಿವಿಯಲ್ಲಿ ರಾತ್ರಿ ಹಾರಾಡುವ ‘ಬೆಳಕಿನ ಉಂಡೆ’ಗಳನ್ನು ಟಿವಿಯಲ್ಲಿ ತೋರಿಸುತ್ತಾರಲ್ಲ, ಅಲ್ಲಿಯೂ ಲೆನ್ಸಿನ ಸುತ್ತಲೇ ಇನ್‌ಫ್ರಾರೆಡ್ ದೀಪಗಳಿರುತ್ತವೆ. ಅಲ್ಲಿ ಹೊಳೆಯುವುದು ಹೆಚ್ಚಾಗಿ ಹುಳುಗಳು, ಧೂಳು, ಜೇಡರ ಬಲೆಯ ಎಳೆಗಳು.

ಅತ್ತಿಗೆಯವರಿಗೆ ಮುಖ ಕಂಡದ್ದು ಸುಳ್ಳಲ್ಲ. ಕಣದ ಅಂಚಿನಲ್ಲಿ ಬೆಳಕು ಬಾಗಿ ಬಿಲ್ಲೆಯೊಳಗೆ ಉಂಗುರಗಳು, ಕಲೆಗಳು ಮೂಡುತ್ತವೆ. ಎರಡು ಕಲೆ, ಕೆಳಗೊಂದು ಗೆರೆ ಸಿಕ್ಕರೆ ಸಾಕು, ನಮ್ಮ ಮಿದುಳು ಮುಖ ಮಾಡಿಕೊಳ್ಳುತ್ತದೆ. 1976ರಲ್ಲಿ ವೈಕಿಂಗ್-1 ನೌಕೆ ಕಳಿಸಿದ ಮಂಗಳ ಗ್ರಹದ ಚಿತ್ರದಲ್ಲಿ ಲೋಕಕ್ಕೆಲ್ಲ ಮುಖ ಕಂಡಿತ್ತು. 2001ರಲ್ಲಿ ಹೆಚ್ಚು ಸ್ಪಷ್ಟವಾದ ಚಿತ್ರ ಬಂದಾಗ ಅದು ಬರೀ ಗುಡ್ಡ. ಒಂದು ವರ್ಷದಿಂದ ಅಗಲಿದವರನ್ನೇ ನೆನೆಯುತ್ತಿರುವ ಮನೆಯಲ್ಲಿ ಅವರ ಮುಖವೇ ಕಾಣುವುದು ಸಹಜ. ಅದಕ್ಕಾಗಿ ಅತ್ತಿಗೆಯವರನ್ನು ಯಾರೂ ಆಡಿಕೊಳ್ಳಬೇಡಿ.

ನನ್ನ ಮಾತನ್ನು ಸುಮ್ನೆ ನಂಬಬೇಡಿ. ಅದೇ ಕ್ಯಾಮೆರಾ, ಅದೇ ಜಗಲಿ ಇದೆ. ಕತ್ತಲಾದ ಮೇಲೆ ಅದೇ ಜಮಖಾನವನ್ನು ಕ್ಯಾಮೆರಾದ ಮುಂದೆ ಒಬ್ಬರು ಕೊಡವಲಿ. ಫ್ಲ್ಯಾಶ್ ಹಾಕಿ ಹತ್ತಾರು ಫೋಟೊ ತೆಗೆಯಿರಿ. ಗೋಳಗಳು ಗುಂಪುಗುಂಪಾಗಿ ಬರುತ್ತವೆ. ಆಮೇಲೆ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು, ಫ್ಲ್ಯಾಶ್ ಆಫ್ ಮಾಡಿ, ಮತ್ತೆ ಕೊಡವಿಸಿ ತೆಗೆಯಿರಿ. ಧೂಳು ಅಷ್ಟೇ ಇರುತ್ತದೆ, ಗೋಳ ಇರುವುದಿಲ್ಲ. ಬಟ್ಟೆಗೆ ನೀರು ಚಿಮುಕಿಸುವ ಸ್ಪ್ರೇ ಇದ್ದರೆ ಅದರಿಂದಲೂ ನೋಡಿ. ನೀರಿನ ಹನಿಯ ಗೋಳಗಳು ಇನ್ನೂ ಚೆಂದ. ಊದುಬತ್ತಿ ಹೊಗೆಯಿಂದ ಮಾತ್ರ ಗೋಳ ಬರಲಿಕ್ಕಿಲ್ಲ, ಅದರ ಕಣಗಳು ತೀರಾ ಸಣ್ಣವು. ಚಿತ್ರ ಬರೀ ಮಂಜುಮಂಜಾಗುತ್ತದೆ.

ಇದನ್ನು ಮಾಡುವಾಗ ತಾಯಿಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಾಧ್ಯವಾದರೆ ಕ್ಯಾಮೆರಾ ಅವರ ಕೈಗೇ ಕೊಡಿ. ಗಂಡನಿಗೆ ಗತಿ ಸಿಕ್ಕಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದಾರೆ. ಬಾಯಿಮಾತಿನಲ್ಲಿ ‘ಹಾಗೇನಿಲ್ಲಮ್ಮ’ ಎಂದರೆ ಆ ಭಯ ಹೋಗುವುದಿಲ್ಲ. ತಾವೇ ಒತ್ತಿದ ಫೋಟೊದಲ್ಲಿ ಹತ್ತು ಗೋಳ ಬಂದದ್ದನ್ನು ಕಂಡರೆ ಹೋಗುತ್ತದೆ.

ನಾರಾಯಣ ಬಲಿ ಮಾಡಿಸುವುದು ಬಿಡುವುದು ನಿಮ್ಮ ಮನೆತನದ ನಂಬಿಕೆಗೆ ಸೇರಿದ್ದು, ಅದರಲ್ಲಿ ನಾನು ಕೈಹಾಕುವುದಿಲ್ಲ. ಆದರೆ ಈ ಫೋಟೊವನ್ನು ಕಾರಣ ಮಾಡಿಕೊಂಡು ಒಂದು ರೂಪಾಯಿಯನ್ನೂ ಕೊಡಬೇಡಿ. ದುಃಖದಲ್ಲಿರುವ ಮನೆಗೆ ಬಂದು, ಹೆದರಿಸಿ, ಅದಕ್ಕೆ ಬೆಲೆ ಕಟ್ಟುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಪರಿಚಯದವರು ಮತ್ತೆ ಬಂದರೆ ನೀವೇ ತೆಗೆದ ಜಮಖಾನದ ಫೋಟೊಗಳನ್ನು ಮುಂದಿಟ್ಟು, ಇವೆಲ್ಲ ಯಾರ ಆತ್ಮಗಳು ಎಂದು ಕೇಳಿ.

ಇನ್ನು ಮುಂದೆ ಮನೆಯ ಕಾರ್ಯಗಳಲ್ಲಿ ಫೋಟೊ ತೆಗೆಯುವಾಗ ಇರುವ ಲೈಟೆಲ್ಲ ಹಾಕಿ ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಫ್ಲ್ಯಾಶ್ ಬೇಕೇ ಬೇಕು ಅನ್ನಿಸಿದರೆ ಕಸ ಗುಡಿಸಿದ, ಚಾಪೆ ಕೊಡವಿದ ಕೂಡಲೇ ತೆಗೆಯಬೇಡಿ. ಮಲೆನಾಡಿನ ಚಳಿಗಾಲದ ಸಂಜೆ ಅಂಗಳಕ್ಕೆ ಇಬ್ಬನಿ ಇಳಿಯುವ ಹೊತ್ತಿನಲ್ಲೂ ಬೇಡ. ಈ ಎರಡು ಫೋಟೊಗಳನ್ನು ಅಳಿಸಬೇಡಿ. ಎರಡನೆಯದರಲ್ಲಿ ತಾಳ ಹಿಡಿದು ಕೂತ ನಿಮ್ಮ ತಾಯಿಯವರು ಬಹಳ ಚೆನ್ನಾಗಿ ಬಂದಿದ್ದಾರೆ.